ಮೂರು ಸಲ ಬೇಡವೆಂದ ಮನೆ

ಉಪಚಾರಕ್ಕೆ ಆಡಿದ ಮಾತು ಯಾವುದು, ಹೊಟ್ಟೆಯೊಳಗಿಂದ ಬಂದ ಮಾತು ಯಾವುದು ಎಂದು ನನ್ನಷ್ಟು ಕರಾರುವಾಕ್ಕಾಗಿ ಬೇರ್ಪಡಿಸಬಲ್ಲ ಮನುಷ್ಯ ತೆಹರಾನಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವನಿಗೆ ಬಾಡಿಗೆ ಮನೆ ಕೊಡಿಸಿದವನೂ ನಾನೇ ಆಗಿರುತ್ತೇನೆ. ಸಲ್‌ಸಬೀಲ್ ಬೀದಿಯ ತಿರುವಿನಲ್ಲಿ ನಲವತ್ತೊಂದು ವರ್ಷದಿಂದ ಮನೆ ದಲ್ಲಾಳಿಯಾಗಿ ಕೂತಿದ್ದೇನೆ. ಅಕ್ಕಸಾಲಿಗನಿಗೆ ಒರೆಗಲ್ಲಾದರೂ ಬೇಕು. ನನಗೆ ಮನೆಯೊಡೆಯ ಫೋನಿನಲ್ಲಿ ಒಂದು ಸಲ ಕೆಮ್ಮಿದರೆ ಸಾಕು, ಎಷ್ಟು ಹೇಳಿ ಎಷ್ಟಕ್ಕೆ ಇಳಿಯುತ್ತಾನೆಂದು ಕೆಮ್ಮು ಮುಗಿಯುವುದರೊಳಗೆ ಹೇಳಿಬಿಡುತ್ತೇನೆ.

ನಮ್ಮಲ್ಲಿ ಇದು ಸಣ್ಣ ವಿದ್ಯೆಯೇನಲ್ಲ. ಟ್ಯಾಕ್ಸಿಯಿಂದ ಇಳಿದು ಎಷ್ಟಾಯಿತಪ್ಪಾ ಎಂದರೆ ಡ್ರೈವರು ಎದೆ ಮುಟ್ಟಿಕೊಂಡು, ನಿಮಗಿಂತ ದುಡ್ಡು ಹೆಚ್ಚೇ, ಬಿಡಿ ಎನ್ನುತ್ತಾನೆ. ನಂಬಿ ನಾಲ್ಕು ಹೆಜ್ಜೆ ಹೋದಿರೋ, ಅದೇ ಕೈ ನಿಮ್ಮ ಕೊರಳಪಟ್ಟಿಯ ಮೇಲಿರುತ್ತದೆ. ಕೊಡುವವನು ಮೂರು ಸಲ ಕೊಡುತ್ತೇನೆನ್ನಬೇಕು, ತೆಗೆದುಕೊಳ್ಳುವವನು ಮೂರು ಸಲ ಬೇಡವೆನ್ನಬೇಕು, ಅಷ್ಟಾದ ಮೇಲೆ ಉಳಿದದ್ದು ವ್ಯಾಪಾರ. ನನ್ನ ಸೋದರಮಾವ ಒಬ್ಬರು ಮದುವೆಮನೆಯ ಬಾಗಿಲಲ್ಲಿ ಇನ್ನೊಬ್ಬ ಹಿರಿಯರೊಡನೆ ‘ಮೊದಲು ನೀವು’, ‘ಛೆ ಛೆ, ಮೊದಲು ನೀವು’ ಎಂದು ನಿಂತವರು, ಒಳಗೆ ಮದುವೆಯಾದ ಜೋಡಿಗೆ ಮಗು ಹುಟ್ಟಿ ಅದಕ್ಕೆ ಹಲ್ಲು ಬಂದ ಮೇಲೆ ಇಬ್ಬರೂ ಒಟ್ಟಿಗೆ ಒಳಗೆ ಹೋದರು. ಅನ್ನ ಆರಿತ್ತು ಎಂದು ಮಾವ ಸಾಯುವತನಕ ಗೊಣಗಿದರು.

ಹಲ್ಲಿನ ಮಾತು ಬಂತಲ್ಲ, ರಾಹೆಲೆಯ ಕಥೆಗೆ ಅಲ್ಲಿಂದಲೇ ಹೋಗಬಹುದು. ಅವಳ ಕಸುಬೇ ಹಲ್ಲು. ನಹಾವಂದ್ ಊರಿನ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಕಟ್ಟುಹಲ್ಲು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಉಗುರಿನ ಸಂದಿಯಲ್ಲೆಲ್ಲ ಸುಣ್ಣದಂಥ ಬಿಳಿ ಪುಡಿ. ಬೇಸಗೆ ಮುಗಿಯುವ ಶಹರಿವರ್ ತಿಂಗಳ ಮೊದಲ ವಾರ, ಊರಿನ ಬಾಡಿಗೆ ಕರಾರುಗಳೆಲ್ಲ ಒಟ್ಟಿಗೆ ಮುಗಿದು ಅರ್ಧ ತೆಹರಾನು ಹಾಸಿಗೆ ಸುತ್ತಿಕೊಂಡು ಇನ್ನರ್ಧ ತೆಹರಾನಿನ ಮನೆಗೆ ಹೊರಡುವ ಹೊತ್ತಿನಲ್ಲಿ, ಅವಳು ನನ್ನ ಅಂಗಡಿಗೆ ಬಂದಳು. ಸಲಾಂ ಹೇಳಿದವಳು ನನ್ನ ಬಾಯನ್ನೇ ನೋಡುತ್ತ ನಿಂತಳು. ನಮ್ಮಲ್ಲಿ ಗಂಡಸರಿಗೆ ಆಗಾ, ಹೆಂಗಸರಿಗೆ ಖಾನುಮ್ ಎನ್ನುವುದು ಮರ್ಯಾದೆ.

“ಮೇಲ್ಗಡೆ ಸೆಟ್ಟು ಯಾರು ಮಾಡ್ಕೊಟ್ಟಿದ್ದು ಆಗಾ? ಬಲಗಡೆ ಕಚ್ಚು ಸರಿಯಾಗಿ ಕೂತಿಲ್ಲ.”

ನಲವತ್ತು ವರ್ಷದಿಂದ ಮನೆಯೊಡೆಯರನ್ನು ಕಚ್ಚಿ ಕಚ್ಚಿ ಸವೆದದ್ದು ತಾಯಿ ಎಂದೆ. ನಕ್ಕಳು. ಆಮೇಲೆ ಕೂತು ವಿಷಯ ಹೇಳಿದಳು.

ಐದು ವರ್ಷದಿಂದ ಅವಳು ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ಇದ್ದಳು. ಕೋಣೆಗೆ ಆರು ಜನ. ಎರಡಂತಸ್ತಿನ ಮಂಚದಲ್ಲಿ ಮೇಲಿನ ಅಟ್ಟ ಅವಳದು, ಫ್ರಿಜ್ಜಿನಲ್ಲಿ ಅರ್ಧ ಖಾನೆ ಅವಳದು, ಕಿಟಕಿಯ ಸರದಿ ಮಂಗಳವಾರ. ಒಬ್ಬಳಿಗೇ ಆಗಿದ್ದರೆ ಇನ್ನೈದು ವರ್ಷ ಹೀಗೇ ಕಳೆಯುತ್ತಿದ್ದಳೇನೋ. ಆದರೆ ಆ ಬೇಸಗೆಯಲ್ಲಿ ಅವಳ ತಂಗಿ ಮಹದೀಸ್‌ಗೆ ತೆಹರಾನಿನಲ್ಲೇ ದಾದಿಯರ ಕಾಲೇಜಿನಲ್ಲಿ ಸಂಜೆ ತರಗತಿಯ ಸೀಟು ಸಿಕ್ಕಿತ್ತು. ಸಂಜೆಯವರಿಗೆ ಹಾಸ್ಟೆಲ್ ಇಲ್ಲ. ತಂದೆ ನಹಾವಂದ್‌ನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು, ಮಾತಿನಲ್ಲಿ ಹತ್ತಿಯಷ್ಟು ಮೆತ್ತಗಿನವರಲ್ಲ. ಒಬ್ಬ ಮಗಳು ಆರು ಜನರ ಕೋಣೆಯಲ್ಲಿದ್ದದ್ದೇ ಸಾಕು, ಇಬ್ಬರೂ ಇರುವುದಾದರೆ ಒಳಗಿನಿಂದ ಸ್ವಂತ ಚಿಲಕ ಹಾಕುವ ಮನೆಯಾಗಬೇಕು, ಇಲ್ಲದಿದ್ದರೆ ಚಿಕ್ಕವಳು ಊರಲ್ಲೇ ಇರಲಿ ಎಂದುಬಿಟ್ಟಿದ್ದರು. ಕಾಲೇಜಿನಲ್ಲಿ ಹೆಸರು ಬರೆಸಲು ತಿಂಗಳ ಕೊನೆಯೇ ಕೊನೆ. ಅಂದರೆ ಮೂವತ್ತೊಂದನೇ ತಾರೀಖಿನೊಳಗೆ ಮನೆ, ಇಲ್ಲದಿದ್ದರೆ ಸೀಟಿಲ್ಲ.

ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಒಂದು ಬದಿಯಲ್ಲಿ ಯಾರದೋ ದವಡೆಯ ಅಳತೆ, ಇನ್ನೊಂದು ಬದಿಯಲ್ಲಿ ಅವಳ ಬಾಳಿನ ಅಳತೆ. ಸಂಬಳ ತೊಂಬತ್ತು ಲಕ್ಷ ತೊಮಾನ್. ಬಾಡಿಗೆಗೆ ನಲವತ್ತು, ಅದಕ್ಕೊಂದು ಕಾಸು ಹೆಚ್ಚಿಲ್ಲ. ರೊಟ್ಟಿ, ಅಕ್ಕಿ, ಮೊಟ್ಟೆಗೆ ಇಪ್ಪತ್ತೈದು. ತಂಗಿಯ ಬಸ್ಸು, ಪುಸ್ತಕಕ್ಕೆ ಹತ್ತು. ಊರಿಗೆ ಹತ್ತು. ಉಳಿದ ಐದು ಲಕ್ಷದ ಮುಂದೆ ‘ಜ್ವರ’ ಎಂದು ಬರೆದಿದ್ದಳು.

“ಐದು ಲಕ್ಷಕ್ಕೆ ಇಬ್ಬರಿಗೂ ಜ್ವರ ಬರಕ್ಕಾಗಲ್ಲ ತಾಯಿ,” ಎಂದೆ.

“ಗೊತ್ತು. ತಿಂಗಳು ಬಿಟ್ಟು ತಿಂಗಳು ಸರದಿ ಮೇಲೆ ಬರಿಸ್ಕೋತೀವಿ.”

ಭೋಗ್ಯಕ್ಕೆ ಕೊಡಲು ಕೈಯಲ್ಲಿ ಹನ್ನೆರಡು ಕೋಟಿ ಇತ್ತು, ಐದು ವರ್ಷ ಊರವರ ಬಾಯಿ ತುಂಬಿಸಿ ತನ್ನ ಬಾಯಿ ಕಟ್ಟಿ ಉಳಿಸಿದ್ದು. ನಮ್ಮಲ್ಲಿ ಭೋಗ್ಯವೂ ಬಾಡಿಗೆಯೂ ಒಂದೇ ತಕ್ಕಡಿಯ ಎರಡು ತಟ್ಟೆ. ಭೋಗ್ಯದಲ್ಲಿ ಹತ್ತು ಲಕ್ಷ ಇಳಿಸಿದರೆ ತಿಂಗಳ ಬಾಡಿಗೆ ಮೂವತ್ತು ಸಾವಿರ ಏರುತ್ತದೆ. ಸಲ್‌ಸಬೀಲ್‌ನ ಮಕ್ಕಳು ಮಗ್ಗಿಗಿಂತ ಮೊದಲು ಇದನ್ನು ಕಲಿಯುತ್ತವೆ. ಹನ್ನೆರಡು ಕೋಟಿಗೆ ನಲವತ್ತು ಲಕ್ಷದ ಬಾಡಿಗೆಯಲ್ಲಿ ಎಂಥ ಮನೆ ಸಿಗುತ್ತದೆಂದು ನನಗೆ ಗೊತ್ತಿತ್ತು. ಆದರೂ ಕರೆದುಕೊಂಡು ಹೊರಟೆ, ಮನೆ ತೋರಿಸದೆ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ.

ಮೊದಲ ಮನೆ ಎಷ್ಟು ಚಿಕ್ಕದೆಂದರೆ ಒಳಗೆ ನಿಂತು ಉಸಿರೆಳೆದುಕೊಂಡರೆ ಬಿಡಲು ಬೀದಿಗೆ ಬರಬೇಕು. ಎರಡನೆಯ ಮನೆಯ ಒಡೆಯ ಅವಳನ್ನು ಮೇಲಿಂದ ಕೆಳಗೆ ನೋಡಿ, ಗಂಡ ಎಲ್ಲಿ ಎಂದು ಕೇಳಿದ. ಹಲ್ಲು ಮಾಡೋದಷ್ಟೇ ಕಲ್ತಿದ್ದೀನಿ, ಗಂಡನ್ನ ಮಾಡೋದು ಇನ್ನೂ ಹೇಳ್ಕೊಟ್ಟಿಲ್ಲ ಎಂದಳು. ಅವನು ಬಾಗಿಲು ಹಾಕಿದ. ಮೂರನೆಯದು ನೆಲಮಾಳಿಗೆ. ಅಲ್ಲಿನ ಕಿಟಕಿಯಲ್ಲಿ ಕಾಣುವುದು ಬೀದಿಯವರ ಪಾದ ಮಾತ್ರ. ಅಲ್ಲಿ ಹದಿನೈದು ವರ್ಷ ಬಾಳಿದ ಒಬ್ಬ ದರ್ಜಿ ಬೀದಿಯ ಜನರನ್ನೆಲ್ಲ ಹಿಮ್ಮಡಿಯಿಂದಲೇ ಗುರುತಿಸುತ್ತಿದ್ದ, ಎದುರಿಗೆ ಮುಖ ತೋರಿಸಿದರೆ ಯಾರೆಂದು ಕೇಳುತ್ತಿದ್ದ. ರಾಹೆಲೆ ಗೋಡೆಗೆ ಅಂಗೈ ಒತ್ತಿದಳು. ಅಂಗೈ ಒದ್ದೆಯಾಯಿತು. ಅದನ್ನು ಒರೆಸಿಕೊಳ್ಳುತ್ತ ಮೇಲೆ ಹತ್ತಿ ಬಂದಳು.

ಹತ್ತನೇ ತಾರೀಖು ಅವಳನ್ನು ಇಶ್ರತ್ ಖಾನುಮ್‌ಳ ಮನೆಗೆ ಕರೆದುಕೊಂಡು ಹೋದೆ. ಇಶ್ರತ್ ಖಾನುಮ್ ವಿಧವೆ, ಎಪ್ಪತ್ತು ದಾಟಿದವಳು, ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು. ಎರಡನೇ ಮಹಡಿಯಲ್ಲಿ ಅವಳು, ಮೂರನೇ ಮಹಡಿ ಖಾಲಿ. ಲಿಫ್ಟು ಇಲ್ಲ. ವ್ಯವಹಾರವೆಲ್ಲ ಅವಳ ತಮ್ಮನ ಮಗ ಕಾಂಬೀಜ್‌ನದು. ಅವನು ನನಗೆ ಫೋನಿನಲ್ಲೇ ದರ ಹೇಳಿದ್ದ, ಹದಿನೆಂಟು ಕೋಟಿ ಭೋಗ್ಯ, ಮೂವತ್ತು ಲಕ್ಷ ಬಾಡಿಗೆ.

ಮೇಲಿನ ಮನೆಯ ಬೀಗ ತೆಗೆದರೆ ಎರಡು ಕಿಟಕಿ ತುಂಬ ಬಿಸಿಲು. ಗಾಜನ್ನು ಯಾರೋ ಆಗ ತಾನೇ ತೊಳೆದಿದ್ದರು, ಮೂಲೆಗಳಲ್ಲಿ ಸಾಬೂನಿನ ಗೆರೆ ಹಾಗೇ ಉಳಿದಿತ್ತು. ರಾಹೆಲೆ ಅಡಿಗೆಮನೆಯ ನಲ್ಲಿ ತಿರುಗಿಸಿ ನೋಡಿದಳು, ಬಾಗಿಲ ಚಿಲಕ ಹಾಕಿ ತೆಗೆದಳು, ಮತ್ತೆ ಹಾಕಿ ಮತ್ತೆ ತೆಗೆದಳು. ಕಿಟಕಿಯ ಕೆಳಗೆ ನೆಲದ ಮೇಲೆ ಗೇಣು ಹಾಕಿ ಅಳೆದು, ಇಲ್ಲಿ ಎರಡು ಹಾಸಿಗೆ ಹಿಡಿಯುತ್ತದೆ ಎಂದಳು. ಮನೆ ನೋಡಿ ಮುಖ ಮುಚ್ಚಿಕೊಳ್ಳಬೇಕು, ಮುಖ ಅರಳಿದರೆ ಬಾಡಿಗೆ ಅರಳುತ್ತದೆ ಎಂದು ನಾನು ಹೇಳಿಕೊಟ್ಟಿದ್ದೆ. ಅವಳು ಅದೆಲ್ಲ ಮರೆತಳು.

ಕೆಳಗೆ ಇಶ್ರತ್ ಖಾನುಮ್ ಚಹಾ ಇಟ್ಟಿದ್ದಳು. ಹುಡುಗಿಯ ಊರು, ಕೆಲಸ, ತಂಗಿಯ ಸೀಟು ಎಲ್ಲ ಕೇಳಿದಳು. ರಾಹೆಲೆ ನಾಚುತ್ತ ಬಾಡಿಗೆಯ ಮಾತೆತ್ತಿದಳು.

“ಬಾಡಿಗೆ ಗೀಡಿಗೆ ಏನಮ್ಮಾ. ಮನೆ ನಿಂದೇ. ತಂಗೀನ ಕರ್ಕೊಂಡು ಬಂದ್ಬಿಡು.”

ಈ ಮಾತನ್ನು ನಾನು ನಲವತ್ತೊಂದು ವರ್ಷದಲ್ಲಿ ನಲವತ್ತೊಂದು ಸಾವಿರ ಸಲ ಕೇಳಿದ್ದೇನೆ. ಇದನ್ನು ನಂಬಿದ್ದರೆ ತೆಹರಾನಿನ ಮುಕ್ಕಾಲು ಪಾಲು ನನ್ನ ಹೆಸರಿನಲ್ಲಿರುತ್ತಿತ್ತು, ಉಳಿದ ಕಾಲು ಪಾಲನ್ನು ನಾನೇ ಬೇಡವೆಂದಿರುತ್ತಿದ್ದೆ. ರಾಹೆಲೆ ಹೆತ್ತವರು ಕಲಿಸಿದ ಹಾಗೆ, ನಿಮ್ಮ ದೊಡ್ಡಮನಸ್ಸು, ಹಾಗೆಲ್ಲ ಆಗೋದಿಲ್ಲ ಎಂದಳು. ಮುದುಕಿ ಸಕ್ಕರೆ ಬಟ್ಟಲಿಗೆಂದು ಕೈ ಚಾಚಿದಳು. ಬಟ್ಟಲು ಬಲಕ್ಕಿತ್ತು, ಕೈ ಎಡಕ್ಕೆ ಹೋಯಿತು, ಮೇಜಿನ ಬಟ್ಟೆಯನ್ನು ಸವರುತ್ತ ಸವರುತ್ತ ಬಲಕ್ಕೆ ಬಂತು. ಸಕ್ಕರೆಯನ್ನು ನಮ್ಮಿಂದ ಬಚ್ಚಿಟ್ಟು ತಾವೇ ಮರೆತುಬಿಟ್ಟಿದ್ದೀರಿ ಖಾನುಮ್ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

“ನಾನು ಉಪಚಾರಕ್ಕೆ ಹೇಳ್ತಿಲ್ಲ,” ಎಂದಳು ಹುಡುಗಿಯ ಕಡೆ ತಿರುಗಿ. “ಭೋಗ್ಯಾನೂ ಬೇಡ. ನೀರಿಂದು, ಗ್ಯಾಸಿಂದು ಬಿಲ್ ಕಟ್ಟು. ಬೆಳಿಗ್ಗೆ ಕೆಲಸಕ್ಕೆ ಇಳಿಯೋವಾಗ ನನ್ನ ಬಾಗಿಲ ಹತ್ರ ಒಂದ್ಸಲ ಜೋರಾಗಿ ಸಲಾಂ ಅನ್ನು. ಅಷ್ಟೇ ಸಾಕು.”

ಉಪಚಾರಕ್ಕೆ ಹೇಳುತ್ತಿಲ್ಲ ಎನ್ನುವುದೇ ನಮ್ಮಲ್ಲಿ ಉಪಚಾರದ ಪಟ್ಟದಾನೆ. ಭೋಗ್ಯ ಬೇಡವೆಂದು, ಅದರ ಮೇಲೆ ಒಂದು ಸಲಾಮನ್ನು ಬಾಡಿಗೆಯಾಗಿ ಕೇಳಿದಳಲ್ಲ, ಆ ಕುಸುರಿಗೆ ನಾನು ಮನಸ್ಸಿನಲ್ಲೇ ತಲೆದೂಗಿದೆ. ಹಳೆಯ ಕಾಲದ ಉಪಚಾರ, ಇವತ್ತಿನವರಿಗೆ ಎಲ್ಲಿಂದ ಬರಬೇಕು ಎಂದುಕೊಂಡೆ. ಆದರೆ ಹುಡುಗಿ ಬೇಡ ಎನ್ನಲಿಲ್ಲ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ನಾನು ಹುಬ್ಬು ಮೇಲೇರಿಸಿದೆ, ನಮ್ಮಲ್ಲಿ ಬೇಡವೆನ್ನಲು ಅಷ್ಟು ಸಾಕು. ಎದುರಿಗೇ ಕೂತಿದ್ದ ಇಶ್ರತ್ ಖಾನುಮ್ ಅದನ್ನು ನೋಡಲಿಲ್ಲ. ನೋಡಲಿಲ್ಲ ಎಂಬುದೇ ನನಗೆ ಏನನ್ನಾದರೂ ಹೇಳಬೇಕಿತ್ತು.

“ಆಗಲ್ಲ ಖಾನುಮ್,” ಎಂದಳು ರಾಹೆಲೆ. “ನಿಮ್ಮ ಋಣ ನಾವು ಹೊರೋದು ಹೇಗೆ. ದುಡ್ಡು ಹೊಂದಿಸ್ಕೊಂಡು ಬರ್ತೀನಿ.”

ಮೆಟ್ಟಿಲಿಳಿಯುವಾಗ ಅವಳು, ಆಗಾ, ಅವರು ನಿಜವಾಗಿಯೂ ಹೇಳಿದರೇನೋ ಎನ್ನಿಸಿತು ಎಂದಳು. ನಾನು ನಕ್ಕು, ತಾಯಿ, ನಿನ್ನ ಸುಣ್ಣದ ಹಲ್ಲಿಗೂ ನಿಜವಾದ ಹಲ್ಲಿಗೂ ವ್ಯತ್ಯಾಸ ನಿನಗೆ ಗೊತ್ತು, ಇದು ನನಗೆ ಗೊತ್ತು ಎಂದೆ. ಹೂಂ ಎಂದು ಒಳಗೆ ಸಾಮಾನಿಟ್ಟಿದ್ದರೆ ಮರುದಿನ ಕಾಂಬೀಜ್ ಬಂದು ಬೀದಿಗೆಸೆಯುತ್ತಿದ್ದ, ನಿನ್ನ ತಂದೆಯ ಹೆಸರು ನಹಾವಂದ್‌ವರೆಗೂ ಹಾಳಾಗುತ್ತಿತ್ತು ಎಂದೂ ಸೇರಿಸಿದೆ. ತಂದೆಯ ಹೆಸರು ಕೇಳಿ ಅವಳು ಲೆಕ್ಕದ ಕಾಗದ ತೆಗೆದಳು.

ಬೀದಿಯಲ್ಲೇ ನಿಂತು ಲೆಕ್ಕ ಹಾಕಿದೆವು. ಹದಿನೆಂಟರ ಬದಲು ಹದಿನೈದು ಕೋಟಿ ಕೊಟ್ಟರೆ ಬಾಡಿಗೆ ಮೂವತ್ತೊಂಬತ್ತು ಲಕ್ಷಕ್ಕೆ ನಿಲ್ಲುತ್ತದೆ. ಕೈಯಲ್ಲಿರುವುದು ಹನ್ನೆರಡು. ಇನ್ನು ಮೂರು ಕೋಟಿ ಬೇಕು. ಕಾರ್ಖಾನೆಯ ಹೆಂಗಸರು ಸೇರಿ ತಿಂಗಳ ಚೀಟಿ ನಡೆಸುತ್ತಿದ್ದರು. ತನ್ನ ಸರದಿಯನ್ನು ಈ ತಿಂಗಳಿಗೆ ಎಳೆದುಕೊಳ್ಳಲು ಯಾರ ಕಾಲಾದರೂ ಹಿಡಿಯುತ್ತೇನೆ ಎಂದಳು.

ಎರಡು ದಿನದ ಮೇಲೆ ಇಶ್ರತ್ ಖಾನುಮ್ ಅಂಗಡಿಗೆ ಫೋನ್ ಮಾಡಿದಳು.

“ಸಫ್ದರ್ ಆಗಾ, ಆ ಹುಡುಗಿ ಏನಂದ್ಲು? ಬಾ ಅಂತ ಹೇಳಿದ್ನಲ್ಲ.”

ನಾನು ದಪ್ಪ ದನಿ ತೆಗೆದು, ನಿಮ್ಮ ದಯೆ ನಮ್ಮ ತಲೆಯ ಮೇಲಿರಲಿ ಖಾನುಮ್, ಪುಕ್ಕಟೆ ಇರಲು ಆ ಹುಡುಗಿ ಒಪ್ಪುವವಳಲ್ಲ, ಮಾನವಂತರ ಮನೆಯವಳು, ದುಡ್ಡು ಹೊಂದಿಸಿಕೊಂಡೇ ಬರುತ್ತಾಳೆ ಎಂದೆ. ಮೂರನೆಯ ಸಲವೂ ಆಯಿತು, ಶಾಸ್ತ್ರ ಮುಗಿಯಿತು, ಇನ್ನು ವ್ಯಾಪಾರ ಎಂಬ ಸಮಾಧಾನ ನನಗೆ. 

“ಹಾಗಾ,” ಎಂದಳು ಇಶ್ರತ್ ಖಾನುಮ್. “ಒಪ್ಪಲ್ಲ ಅಂದ್ಲಾ. ಆಯ್ತು ಬಿಡಿ.”

ಈ ಫೋನಿನ ವಿಷಯ ನಾನು ರಾಹೆಲೆಗೆ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಏನಿದೆ ಎಂದುಕೊಂಡೆ. ದಿನಕ್ಕೆ ಅಂಥವು ಹತ್ತು ಬರುತ್ತವೆ.

ಇಪ್ಪತ್ತನೇ ತಾರೀಖು ನಹಾವಂದ್‌ನ ಬಸ್ಸಿನಲ್ಲಿ ಎರಡು ಹಾಸಿಗೆ ಬಂದವು. ತಂದೆ ಹೊಸ ಹತ್ತಿ ಹಿಂಜಿ, ನೀಲಿ ಬಟ್ಟೆ ಹಾಕಿ, ತಾವೇ ಹೊಲಿದು ನನ್ನ ಅಂಗಡಿಯ ವಿಳಾಸಕ್ಕೆ ಕಳಿಸಿದ್ದರು. ಮನೆ ಸಿಕ್ಕೇಬಿಟ್ಟಿತು ಎಂದು ಚಿಕ್ಕವಳು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಳಂತೆ. ಆ ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ಒಂದು ಮಧ್ಯಾಹ್ನ ಸುಮ್ಮನೆ ಒರಗಿದವನು ಎದ್ದದ್ದು ಯಾವ ವಾರವೆಂದು ಇನ್ನೂ ಲೆಕ್ಕ ಸಿಕ್ಕಿಲ್ಲ. ರಾಹೆಲೆ ದಿನಾ ಸಂಜೆ ಬಂದು ಅವುಗಳ ಮೇಲೆ ಕೈಯಾಡಿಸಿ, ಇನ್ನೂ ಆಗಲಿಲ್ಲ ಆಗಾ, ನಾಳೆ ಕೇಳುತ್ತೇನೆ ಎಂದು ಹೋಗುತ್ತಿದ್ದಳು.

ಚೀಟಿ ಆ ತಿಂಗಳು ಬಿದ್ದದ್ದು ಅವಳ ಜೊತೆ ಕೆಲಸ ಮಾಡುವ ಒಬ್ಬ ಹೆಂಗಸಿಗೆ. ಅವಳು ಮೂಗು ಚಿಕ್ಕದು ಮಾಡಿಸಿಕೊಳ್ಳಲು ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದ್ದಳು. ನಮ್ಮೂರಲ್ಲಿ ಹೆಂಗಸರು ಮನೆಗಿಂತ ಮೊದಲು ಮೂಗು ಸರಿಮಾಡಿಸುತ್ತಾರೆ, ಮನೆ ಬಾಡಿಗೆಯದು, ಮೂಗು ಸ್ವಂತದ್ದು. ಇಪ್ಪತ್ತೆಂಟನೇ ತಾರೀಖು ಆ ಪುಣ್ಯಾತ್ಗಿತ್ತಿ, ನನ್ನ ಮೂಗು ಮೂವತ್ತು ವರ್ಷ ಕಾದಿದೆ, ಇನ್ನಾರು ತಿಂಗಳು ಕಾಯ್ಲಿ ತಗೋ ಎಂದು ದುಡ್ಡನ್ನು ರಾಹೆಲೆಯ ಕೈಗಿಟ್ಟಳು. ಹುಡುಗಿ ಓಡಿ ಬಂದಳು. ಕರಾರು ಪತ್ರ ಬಗಲಲ್ಲಿಟ್ಟುಕೊಂಡು ಇಬ್ಬರೂ ಇಶ್ರತ್ ಖಾನುಮ್‌ಳ ಮೆಟ್ಟಿಲು ಹತ್ತಿದೆವು. ಎರಡನೇ ಮಹಡಿಯಲ್ಲಿ ರಾಹೆಲೆ ಗಟ್ಟಿಯಾಗಿ ಸಲಾಂ ಎಂದಳು.

ಬಾಗಿಲು ತೆಗೆದದ್ದು ಕಾಂಬೀಜ್. ಕೈಯಲ್ಲಿ ಅಳತೆಯ ಟೇಪು.

ಅತ್ತೆ ನಾಲ್ಕು ದಿನದ ಹಿಂದೆ ಮೆಟ್ಟಿಲಲ್ಲಿ ಬಿದ್ದಳೆಂದ. ಮೇಲಿನ ಮನೆಯ ಕಿಟಕಿ ಒರೆಸಿ ಇಳಿಯುವಾಗ ಬಿದ್ದಳಂತೆ. ಮುಂಜಾನೆ ಬಿದ್ದವಳನ್ನು ಮಧ್ಯಾಹ್ನದ ಮೇಲೆ ಗ್ಯಾಸಿನ ಮೀಟರು ನೋಡಲು ಬಂದವನು ಕಂಡದ್ದು. ಸೊಂಟ ಮುರಿದಿದೆ. ಕಣ್ಣಂತೂ ವರ್ಷದಿಂದಲೇ ಇಲ್ಲದ ಹಾಗೆ, ಯಾರಿಗೂ ಹೇಳಿರಲಿಲ್ಲ, ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಆಸ್ಪತ್ರೆಯಿಂದ ನೇರ ಕರಜ್ ಊರಿನ ವೃದ್ಧಾಶ್ರಮಕ್ಕೆ ಸೇರಿಸುತ್ತೇವೆ. ಈ ಕಟ್ಟಡ ಕೆಡವಿ ಐದು ಮಹಡಿ ಏರಿಸಲು ಮಾತಾಗಿದೆ, ಬಾಡಿಗೆಗಿಲ್ಲ.

ಅಷ್ಟು ಹೇಳಿದವನು ಹುಡುಗಿಯನ್ನು ನೋಡಿ ತಡೆದ. “ನಹಾವಂದ್ ಹುಡುಗಿ ನೀನೇನಾ? ಅತ್ತೆ ಆಸ್ಪತ್ರೇಲಿ ಅದನ್ನೇ ಹೇಳ್ತಿದ್ಲು. ಮೂರು ಸಲ ಕರೆದೆ, ಅವಳಿಗೆ ಮುದುಕಿ ಸಹವಾಸ ಬೇಡ ಆಗಿತ್ತು ಅಂತ.”

“ಎರಡು ಸಲ,” ಎಂದಳು ರಾಹೆಲೆ ಮೆಲ್ಲಗೆ. “ನನ್ನನ್ನ ಕರೆದಿದ್ದು ಎರಡೇ ಸಲ.”

ನಾನು, ಮುದುಕರ ಎಣಿಕೆಯೇ ಹಾಗೆ, ಬಿಡು ತಾಯಿ ಎಂದೆ. ನನ್ನ ಎಣಿಕೆ ಸರಿಯಾಗಿಯೇ ಇತ್ತು.

ಉಳಿದ ಮೂರು ದಿನದಲ್ಲಿ ಅವಳಿಗೆ ತೋರಿಸಿದಷ್ಟು ಮನೆ ನಾನು ಯಾರಿಗೂ ತೋರಿಸಿಲ್ಲ. ಮೆಟ್ಟಿಲು ಹತ್ತಿ ಹತ್ತಿ ಆಕಾಶಕ್ಕೆ ಇನ್ನೊಂದೇ ಮಹಡಿ ಬಾಕಿ ಎನ್ನುವ ತನಕ ಹತ್ತಿದೆವು. ಒಂದು ಕಡೆ ಭೋಗ್ಯ ಹೆಚ್ಚು, ಇನ್ನೊಂದು ಕಡೆ ಒಂಟಿ ಹುಡುಗಿಯರಿಗಿಲ್ಲ, ಮತ್ತೊಂದು ಕಡೆ ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಇನ್ನೊಬ್ಬರು ಸಹಿ ಹಾಕಿದ್ದರು. ಮೂವತ್ತೊಂದನೇ ತಾರೀಖು ಸಂಜೆ ಐದಕ್ಕೆ ಕಾಲೇಜಿನ ಕಚೇರಿ ಮುಚ್ಚಿತು. ನನ್ನ ಅಂಗಡಿಯ ಫೋನಿನಿಂದ ಅವಳು ಊರಿಗೆ ಮಾತಾಡಿದಳು. ಚಿಕ್ಕವಳು ಆ ಕಡೆಯಿಂದ ಏನು ಹೇಳಿದಳೋ, ಈ ಕಡೆಯಿಂದ ಇವಳು ಒಂದೇ ಸಮನೆ, ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಿದ್ದಳು. ಸಂಜೆ ತರಗತಿಯ ಸೀಟು ಮುಂದಿನ ವರ್ಷಕ್ಕೆ ಕಾಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೂಗಿನ ದುಡ್ಡನ್ನು ಮರುದಿನವೇ ಹಿಂದಿರುಗಿಸಿದಳು. ವಸತಿಗೃಹದ ಅಟ್ಟವನ್ನು ಅಷ್ಟರಲ್ಲಿ ಬೇರೆಯವಳಿಗೆ ಕೊಟ್ಟಿದ್ದರು. ಕೊನೆಗೆ ಅವಳು ಹಿಡಿದದ್ದು ಆ ನೆಲಮಾಳಿಗೆಯನ್ನೇ, ಅದಕ್ಕೆ ಮುಂಗಡ ಕೊಟ್ಟಿದ್ದವರು ತಿಂಗಳು ಕಳೆದ ಮೇಲೆ ಒದ್ದೆ ಗೋಡೆ ಕಂಡು ಬಿಟ್ಟುಹೋದರೆಂದು, ಹನ್ನೆರಡು ಕೋಟಿ ಭೋಗ್ಯಕ್ಕೆ, ಮೂವತ್ತು ಲಕ್ಷ ಬಾಡಿಗೆಗೆ. ಒಂದು ಹಾಸಿಗೆ ಅಲ್ಲಿಗೆ ಹೋಯಿತು. ಇನ್ನೊಂದನ್ನು ಹಿಂದಕ್ಕೆ ಬಸ್ಸಿಗೆ ಹಾಕುವಾಗ ನಾನೂ ಒಂದು ತುದಿ ಹಿಡಿದಿದ್ದೆ. ಬಸ್ಸಿನವನು, ಏನ್ ತಾತ, ಬಂದಿದ್ದನ್ನ ವಾಪಸ್ ಕಳಿಸ್ತಿದ್ದೀರಿ, ಹಾಸಿಗೆ ಗಟ್ಟಿ ಆಯ್ತಾ ಎಂದು ಕೇಳಿದ. ನಾನು ಹಾಸಿಗೆಯ ಹಗ್ಗವನ್ನು ಇನ್ನೊಂದು ಸಲ ಬಿಗಿದೆ.  ಮಹದೀಸ್ ಈಗ ತಂದೆಯ ಪಕ್ಕದಲ್ಲಿ ಕೂತು ಹಾಸಿಗೆಗೆ ದಬ್ಬಳ ಹಾಕುತ್ತಾಳೆ.

ಒಂದು ತಿಂಗಳು ಕಳೆದು, ಆಬಾನ್ ತಿಂಗಳಲ್ಲಿ ಒಂದು ಶುಕ್ರವಾರ ರಾಹೆಲೆ ಬಂದು, ಕರಜ್‌ಗೆ ಹೋಗೋಣ, ಇಶ್ರತ್ ಖಾನುಮ್ಮನ್ನು ನೋಡಬೇಕು ಎಂದಳು. ನೀನು ಹೋಗಿ ಬಾ ತಾಯಿ, ನನಗೆ ಮಂಡಿನೋವು ಎಂದೆ. ಬಸ್ಸಿಗೆ ಮಂಡಿ ಇಲ್ಲ ಆಗಾ ಎಂದಳು. ಹೋದೆ.

ಆಶ್ರಮದಲ್ಲಿ ಇಶ್ರತ್ ಖಾನುಮ್ ಕಿಟಕಿಗೆ ಬೆನ್ನು ಮಾಡಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ರಾಹೆಲೆ ದಾಳಿಂಬೆ ತಂದಿದ್ದಳು. ನೆಲದ ಮೇಲೆ ಕೂತು, ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು, ಹಲ್ಲು ಜೋಡಿಸುವ ಅದೇ ಬೆರಳಿನಿಂದ ಒಂದೊಂದೇ ಕಾಳು ಬಿಡಿಸತೊಡಗಿದಳು. ಮುದುಕಿ ಕೈ ಚಾಚಿ ಅವಳ ಬೆರಳು ಮುಟ್ಟಿ ನೋಡಿದಳು.

“ಯಾರಮ್ಮಾ?”

“ರಾಹೆಲೆ, ಖಾನುಮ್. ಮೂರನೇ ಮಹಡಿ ನೋಡಕ್ಕೆ ಬಂದಿದ್ದೆ.”

“ಓ. ಮನೆ ಹಿಡಿಸ್ಲಿಲ್ಲ ನಿಂಗೆ.”

“ಹಿಡಿಸಿತ್ತು.”

“ಮತ್ತೆ ಬೇಡ ಅಂದ್ಯಲ್ಲ. ಎದುರಿಗೆ ಎರಡು ಸಲ ಬಾ ಅಂದೆ. ಹುಡುಗಿ ನಾಚ್ಕೊಂಡಿರ್ಬೇಕು ಅಂತ ಫೋನೂ ಮಾಡಿದೆ. ಸಫ್ದರ್ ಆಗಾ ಹೇಳಿದ್ರು, ಒಪ್ಪಲ್ಲ ಅಂತ.” ಮತ್ತೆ ಅಂದಳು, “ನಿನ್ನ ತಪ್ಪಲ್ಲ ಬಿಡು. ಕಣ್ಣು ಕಾಣಲ್ಲ ಮಗಳೇ, ಬಂದು ಜೊತೆಗಿರು ಅಂತ ನೇರ ಕೇಳ್ಬೇಕಿತ್ತು. ನನ್ನ ಬಾಯಲ್ಲಿ ಅದು ಬರ್ಲಿಲ್ಲ.”

ನಾನು ಬಾಗಿಲ ಹತ್ತಿರ ನಿಂತಿದ್ದೆ. ನಾನಿರುವುದು ಮುದುಕಿಗೆ ಗೊತ್ತಿರಲಿಲ್ಲ, ರಾಹೆಲೆ ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೆರಳು ಮಾತ್ರ ಒಂದು ಗಳಿಗೆ ನಿಂತು, ಮತ್ತೆ ಕಾಳು ಬಿಡಿಸತೊಡಗಿತು. ಬಟ್ಟಲು ತುಂಬಿದ ಮೇಲೆ ಅದನ್ನು ಇಶ್ರತ್ ಖಾನುಮ್‌ಳ ಎರಡು ಕೈಗೂ ಮುಟ್ಟಿಸಿ ಹಿಡಿಸಿ, ಚಮಚ ಯಾವ ಕಡೆ ಇದೆಯೆಂದು ಹೇಳಿ, ಎದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡಸರ ಸೀಟುಗಳ ಕೊನೆಯ ಸಾಲಿನಲ್ಲಿ ನಾನು, ಹೆಂಗಸರ ಸೀಟುಗಳ ಮೊದಲ ಸಾಲಿನಲ್ಲಿ ಅವಳು, ಮಧ್ಯೆ ಒಂದು ಕಬ್ಬಿಣದ ಸರಳು. ಕಾಲು ಗಂಟೆಯಷ್ಟು ದಾರಿ ಸಾಗಿತು. ಆಮೇಲೆ ಸರಳಿನ ಆ ಕಡೆಯಿಂದ ಕೇಳಿದಳು.

“ಬಾಡಿಗೇನೇ ಇಲ್ದಿರೋ ಮನೆ ಕೊಡಿಸಿದ್ರೆ ದಲ್ಲಾಳಿಗೆ ಎಷ್ಟು ಬರುತ್ತೆ ಆಗಾ?”

“ಏನೂ ಬರಲ್ಲ.”

“ಹಂಗಂದ್ಕೊಂಡೆ.”

ಅದು ಕಾರಣವಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ದಿನ ಫೋನು ಕೈಯಲ್ಲಿದ್ದಾಗ ಆ ಯೋಚನೆ ಬಂದಿತ್ತೋ ಇಲ್ಲವೋ ಎಂದು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೇರೆಯವರ ಕೆಮ್ಮಿನಲ್ಲಿ ದರ ಕೇಳಿಸಿಕೊಳ್ಳುವ ಈ ಕಿವಿಗೆ ನನ್ನೊಳಗಿನದು ಇವತ್ತಿಗೂ ಸರಿಯಾಗಿ ಕೇಳಿಸಿಲ್ಲ. ಹಾಗಾಗಿ ಅದನ್ನು ಬಿಟ್ಟೆ. ಬದಲಿಗೆ ಎದೆಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ನಮ್ಮಲ್ಲಿ ದೊಡ್ಡವರು ಹೇಳುವ ಹಾಗೆ ಹೇಳಿದೆ.

“ತಪ್ಪೆಲ್ಲ ನಂದೇ ತಾಯಿ. ಈ ನಾಲಿಗೆ ಸೀಳಬೇಕು.”

ಇಂಥ ಮಾತಿಗೆ ಎದುರಿನವರು, ಅಯ್ಯೋ ಹಾಗನ್ನಬೇಡಿ, ನಿಮ್ಮದೇನು ತಪ್ಪು ಎನ್ನಬೇಕು. ನಾನು ಇನ್ನೊಮ್ಮೆ ನನ್ನದೇ ಎನ್ನಬೇಕು, ಅವರು ಇನ್ನೊಮ್ಮೆ ಅಲ್ಲವೆನ್ನಬೇಕು, ಹೀಗೆ ಮೂರು ಸುತ್ತು ತಿರುಗಿ ತಪ್ಪು ಯಾರದೂ ಅಲ್ಲದೆ ರಸ್ತೆಯ ಬದಿಯಲ್ಲಿ ಎಲ್ಲೋ ಇಳಿದುಹೋಗಬೇಕು. ನಾನು ತಲೆ ತಗ್ಗಿಸಿಕೊಂಡ ಹಾಗೇ ಕಾದೆ.

“ಹೌದು ಆಗಾ, ನಿಮ್ದೇ,” ಎಂದಳು ರಾಹೆಲೆ. “ಇನ್ನೆರಡು ಸಲ ಹೇಳೋ ಶ್ರಮ ತಗೋಬೇಡಿ. ನಾನು ಮೊದಲ್ನೇ ಸಲಕ್ಕೇ ಒಪ್ಕೊಂಡಿದ್ದೀನಿ.”